ಸಹಾಯ ಬೇಕು: ಬಾವಿಗೆ ಇಳಿಯುವ ಮುನ್ನ ಗ್ಯಾಸ್ ಪರೀಕ್ಷೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳ್ತಂಗಡಿ ಕಡೆಯ ನಮ್ಮ ಊರಲ್ಲಿ ಹುಡುಗರದ್ದೊಂದು ರಕ್ಷಣಾ ತಂಡ ಇದೆ. ಬೇಸಿಗೆ ಬಂತೆಂದರೆ ಎಲ್ಲ ಕಡೆ ಬಾವಿ ಹೂಳೆತ್ತುವ ಕೆಲಸ. ಯಾರಾದರೂ ಕೆಳಗೆ ತಲೆಸುತ್ತಿ ಬಿದ್ದರೆ ಮೊದಲು ಫೋನ್ ಬರುವುದು ನಮಗೇ. ಇಂಥ ಕಡೆ ಎತ್ತಲು ಇಳಿದವನೂ ಅಲ್ಲೇ ಉಳಿದುಬಿಡುವ ಅಪಾಯ ಜಾಸ್ತಿ, ಅಲ್ವಾ?

ಹಿರಿಯರು ದೀಪ ಇಳಿಸಿ ನೋಡಿ ಅನ್ನುತ್ತಾರೆ. ದೀಪ ಆರಿದರೆ ಆಮ್ಲಜನಕ ಕಡಿಮೆ, ಸರಿ. ಆದರೆ ಉರಿಯುತ್ತಿದ್ದರೆ? ಬಾವಿಯೊಳಗೆ ಡೀಸೆಲ್ ಪಂಪ್ ಓಡಿಸಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ದೀಪಕ್ಕೂ ಗೊತ್ತಾಗುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ತರ ನಾರುತ್ತದೆ, ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದಂತೂ ಸುಮ್ನೆ ಧೈರ್ಯಕ್ಕೆ.

ನಮಗೆ ಬೇಕಿರುವುದು ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಬೆಂಕಿ ಹತ್ತುವ ಗ್ಯಾಸ್ ಈ ನಾಲ್ಕನ್ನೂ ಅಳೆಯುವ ಒಂದು ಮೀಟರ್. ಆಮ್ಲಜನಕ 19.5%ಗಿಂತ ಕೆಳಗಿಳಿದರೆ ಅದು ಕೂಗಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಆದರೂ ಆಗಬಹುದು, ಆದರೆ ಸೆನ್ಸರ್‌ಗೆ ವಯಸ್ಸಾಗಿರಬಾರದು. ಮಂಗಳೂರು ಸುತ್ತಮುತ್ತ ಕ್ಯಾಲಿಬ್ರೇಷನ್ (ಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿ ಹೊಂದಿಸುವುದು) ಯಾರು ಮಾಡಿಕೊಡುತ್ತಾರೆ? ಟ್ರೈಪಾಡ್, ರಾಟೆ, ಸೊಂಟದಿಂದ ಭುಜದವರೆಗೆ ಬರುವ ಬೆಲ್ಟ್ ಬಾಡಿಗೆಗೆ ಸಿಗುತ್ತವೆಯೇ?

ಅಗ್ನಿಶಾಮಕ ದಳದಲ್ಲಿ ಇರುವವರು ಅಥವಾ ನಿವೃತ್ತರು ಯಾರಾದರೂ ಒಂದು ಭಾನುವಾರ ಬಂದು ತರಬೇತಿ ಕೊಟ್ಟರೆ ಊಟ, ಓಡಾಟದ ಖರ್ಚು ನಮ್ಮದು. ಅಲ್ಲಿಯವರೆಗೆ ನಾವು ಯಾರೂ ಇಳಿಯುವುದಿಲ್ಲ. 112ಕ್ಕೆ ಫೋನ್ ಮಾಡಿ, ಜನರನ್ನು ಬಾವಿಕಟ್ಟೆಯಿಂದ ದೂರ ನಿಲ್ಲಿಸುತ್ತೇವೆ. ಗೊತ್ತಿರುವವರು ಇಲ್ಲೇ ಬರೆಯಿರಿ.