ಮಿಯಾಸಿಸ್ ಪಾಠದಲ್ಲಿ ವರ್ಣತಂತುಗಳ ಲೆಕ್ಕ ತಪ್ಪೋದು ಎಲ್ಲಿ?

ಪ್ರಶ್ನೆ (ಹೊಸ ಟೀಚರ್):
ಹೈಸ್ಕೂಲ್ ಮಕ್ಕಳಿಗೆ ಕೋಶ ವಿಭಜನೆ ಪಾಠ ಮಾಡುತ್ತಿದ್ದೇನೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೊಫೇಸ್ ಅಂತ ಹಂತಗಳನ್ನೆಲ್ಲಾ ಗಿಳಿಪಾಠದ ಹಾಗೆ ಒಪ್ಪಿಸುತ್ತಾರೆ. ಚಿತ್ರಾನೂ ಚೆನ್ನಾಗೇ ಬಿಡಿಸುತ್ತಾರೆ. ಆದರೆ ಮನುಷ್ಯರ ಕೋಶದಲ್ಲಿ ಮೆಟಾಫೇಸ್ ಹೊತ್ತಿಗೆ ಎಷ್ಟು ವರ್ಣತಂತು (ಕ್ರೋಮೋಸೋಮ್) ಅಂತ ಕೇಳಿದರೆ ಅರ್ಧ ಕ್ಲಾಸು 46 ಅನ್ನುತ್ತೆ, ಇನ್ನರ್ಧ 92. ಅಂಡಾಣು, ವೀರ್ಯಾಣು ತಯಾರಾಗೋ ವಿಭಜನೆ, ಅಂದರೆ ಮಿಯಾಸಿಸ್‌ಗೆ ಬಂದರಂತೂ ಪೂರ್ತಿ ಗೊಂದಲ. ಮುಂದಿನ ಪಾಠ ಸಂತಾನೋತ್ಪತ್ತಿ, ಹಿಂದಿನ ಬೆಂಚಲ್ಲಿ ಈಗಲೇ ಕಿಸಕಿಸ. ನೀವೆಲ್ಲ ಹೇಗೆ ಮಾಡ್ತೀರಿ?

ಉತ್ತರ (ಹಳೇ ಮೇಷ್ಟ್ರು):
ಮೇಡಂ, ಹಂತಗಳ ಹೆಸರನ್ನು ಮೊದಲ ದಿನ ಬೋರ್ಡ್ ಮೇಲೆ ಬರೆಯಲೇಬೇಡಿ. ನಾನು ಸಂತಾನೋತ್ಪತ್ತಿಯಿಂದಲೇ ಶುರು ಮಾಡುತ್ತೇನೆ. ಅಂಡಾಣುವಿನಲ್ಲಿ 46, ವೀರ್ಯಾಣುವಿನಲ್ಲೂ 46 ಇದ್ದರೆ ಮಗುವಿಗೆಷ್ಟು? 92. ಮೊಮ್ಮಗುವಿಗೆ? 184. ಅಷ್ಟೊತ್ತಿಗೆ ಯಾರಾದರೊಬ್ಬರು ‘ಎಲ್ಲೋ ಅರ್ಧ ಆಗಲೇಬೇಕಲ್ವಾ ಸರ್’ ಅಂದೇ ಅಂತಾರೆ. ಮಿಯಾಸಿಸ್ ಯಾಕೆ ಬೇಕು ಅನ್ನೋದು ಅಲ್ಲಿಗೆ ಮುಗಿಯಿತು.

ಆಮೇಲೆ ಉಲ್ಲನ್ ದಾರ, ಟಿಚ್ ಬಟನ್. ಕೆಂಪು ತಾಯಿಯದು, ನೀಲಿ ತಂದೆಯದು. ಉದ್ದದ ಒಂದು ಜೋಡಿ, ಗಿಡ್ಡ ಒಂದು ಜೋಡಿ, ಒಟ್ಟು 4. ಡಿಎನ್ಎ ನಕಲಾದಾಗ ಪ್ರತಿ ದಾರದ ಪಕ್ಕ ಅದೇ ಬಣ್ಣ, ಅದೇ ಅಳತೆಯ ಇನ್ನೊಂದು. ಬಟನ್ನಿನ ಅರ್ಧ ಒಂದಕ್ಕೆ, ಇನ್ನರ್ಧ ಇನ್ನೊಂದಕ್ಕೆ ಹೊಲಿದು ಒತ್ತಿಸಿ. ಅದೇ ಸೆಂಟ್ರೊಮಿಯರ್, ಎರಡು ನಕಲು ಅಂಟಿಕೊಂಡಿರೋ ಜಾಗ. ದಾರ ಎಣಿಸೋ ಹಾಗಿಲ್ಲ, ಬಟನ್ ಎಣಿಸಬೇಕು. ಒತ್ತಿದ್ದರೆ ಒಂದು, ಬಿಚ್ಚಿದರೆ ಎರಡು. ನಿಮ್ಮ ಮೆಟಾಫೇಸ್‌ನಲ್ಲಿ ಬಟನ್ ಬಿಚ್ಚಿಲ್ಲ, ಹಾಗಾಗಿ 46. ಅನಾಫೇಸ್‌ನಲ್ಲಿ ಬಿಚ್ಚುತ್ತೆ, ಕೋಶ ಎರಡಾಗೋವರೆಗೆ 92.

ಮಿಯಾಸಿಸ್ ಮಾಡಿಸುವಾಗ ನಾನು ಕೇಳೋದು ಒಂದೇ: ಬಟನ್ ಬಿಚ್ಚಿತಾ? ಮೊದಲ ವಿಭಜನೆಯಲ್ಲಿ ಇಲ್ಲ. ಕೆಂಪು ಒಂದು ಕಡೆ, ಅದರ ಜೋಡಿ ನೀಲಿ ಇನ್ನೊಂದು ಕಡೆ ಹೋಗುತ್ತೆ ಅಷ್ಟೇ. 4 ಇದ್ದದ್ದು 2 ಆಗೋದು ಇಲ್ಲೇ. ಎರಡನೆಯದರಲ್ಲಿ ಟಕ್ ಅಂತ ಬಿಚ್ಚುತ್ತೆ, ಆದರೆ ಪ್ರತಿ ಕೋಶಕ್ಕೆ 2 ಹಾಗೇ ಉಳಿಯುತ್ತೆ. ಎರಡನೇ ಸಲಕ್ಕೆ ಸಂಖ್ಯೆ ಅರ್ಧ ಆಗುತ್ತೆ ಅಂತ ತಿಳಿದ ಮಕ್ಕಳೇ ಜಾಸ್ತಿ. ಉದ್ದದ ಕೆಂಪು ಯಾವ ಕಡೆ ಹೋಗುತ್ತೆ ಅನ್ನೋದನ್ನು ನಾಣ್ಯ ಚಿಮ್ಮಿ ಬಿಡಿ. ಎರಡು ಜೋಡಿಗೆ 4 ಥರದ ಲಿಂಗಾಣು (ಅಂಡಾಣು ಅಥವಾ ವೀರ್ಯಾಣು). 23 ಜೋಡಿಗೆ 83,88,608. ಕ್ರಾಸಿಂಗ್ ಓವರ್, ಅಂದರೆ ಜೋಡಿ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳೋದು, ಇದಕ್ಕೆ ಸೇರಿಲ್ಲ!

ಉತ್ತರ (ಲ್ಯಾಬ್ ಹುಚ್ಚು):
ಸರ್ ಹೇಳಿದ್ದು ಸರಿ. ಆದರೆ ಈರುಳ್ಳಿ ಬೇರನ್ನೂ ತೋರಿಸಿ ಮೇಡಂ. ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಸಾಕು, ಮೇಲೆ ಹೋದರೆ ವಿಭಜನೆ ಸಿಗಲ್ಲ. ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ವಲ್ಪ ಬೆಚ್ಚಗೆ ಮಾಡಿ, ಕುದಿಸಬೇಡಿ. ಕವರ್ ಸ್ಲಿಪ್ ಮೇಲೆ ಹೆಬ್ಬೆರಳಲ್ಲಿ ನೇರವಾಗಿ ಒತ್ತಿ. ಜಾರಿದರೆ ಕೋಶಗಳೆಲ್ಲ ಸುರುಳಿ ಸುತ್ತಿಕೊಳ್ಳುತ್ತವೆ. ಹೆಚ್ಚಿನವು ಇಂಟರ್‌ಫೇಸ್‌ನಲ್ಲೇ (ವಿಭಜನೆ ಇನ್ನೂ ಶುರುವಾಗದ ಹಂತ) ಇರುತ್ತವೆ ಅಂತ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಏನೂ ಕಾಣ್ತಿಲ್ಲ ಅಂತ ಬೇಜಾರಾಗ್ತಾರೆ. ಯಾವ ಹಂತದ ಕೋಶ ಎಷ್ಟಿವೆ ಅಂತ ಎಣಿಸಿದರೆ ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತೆ ಅಂತ ಅವರೇ ಹೇಳ್ತಾರೆ. ಹಾಂ, ಬೇರಲ್ಲಿ ಮಿಯಾಸಿಸ್ ಹುಡುಕಬೇಡಿ. ಅದಕ್ಕೆ ಎಳೇ ಮೊಗ್ಗಿನ ಪರಾಗಕೋಶ ಬೇಕು.

ಪ್ರಶ್ನೆ ಕೇಳಿದವರು (ಹೊಸ ಟೀಚರ್):
ಟಿಚ್ ಬಟನ್ ನಾಳೆಯೇ ತರ್ತೀನಿ ಸರ್. ಕಿಸಕಿಸಕ್ಕೆ ಏನು ಮಾಡೋದು?

ಉತ್ತರ (ಹಳೇ ಮೇಷ್ಟ್ರು):
ನಗಲಿ ಬಿಡಿ, ಬೈಯಬೇಡಿ. ಮೂತ್ರಪಿಂಡ ಅಂದಷ್ಟೇ ಸಲೀಸಾಗಿ ವೃಷಣ, ಯೋನಿ ಅನ್ನಿ. ನೀವು ತಡವರಿಸಿದರೆ ಅವರು ಇನ್ನೂ ನಗ್ತಾರೆ. ಕೇಳಲು ನಾಚುವವರಿಗೆ ಹೆಸರಿಲ್ಲದ ಚೀಟಿ ಹಾಕೋಕೆ ಒಂದು ಡಬ್ಬ ಇಡಿ. ಇನ್ನೊಂದು, ಹೆಣ್ಣುಮಗು ಹುಟ್ಟೋ ಮೊದಲೇ ಅವಳ ಅಂಡಕೋಶಗಳಲ್ಲಿ ಮಿಯಾಸಿಸ್ ಶುರುವಾಗಿ, ಮೊದಲ ಪ್ರೊಫೇಸ್‌ನಲ್ಲೇ ವರ್ಷಗಟ್ಟಲೆ ನಿಂತಿರುತ್ತೆ. ಎರಡನೇ ವಿಭಜನೆ ಮುಗಿಯೋದು ವೀರ್ಯಾಣು ಒಳಗೆ ಹೊಕ್ಕರೆ ಮಾತ್ರ. ಇದನ್ನು ಹೇಳಿ ನೋಡಿ. ಪ್ರಶ್ನೆಗಳ ಸುರಿಮಳೆಯಾಗುತ್ತೆ, ಒಂದು ಪೀರಿಯಡ್ ಜಾಸ್ತಿಯೇ ಇಟ್ಟುಕೊಳ್ಳಿ.