ಹಳೇ ನುಡಿ ಫೈಲುಗಳು ಹೊಸ ಲ್ಯಾಪ್‌ಟಾಪ್‌ನಲ್ಲಿ ಓದೋಕೆ ಬರ್ತಿಲ್ಲ, ಏನು ಮಾಡಲಿ?

ತುಂಗಾತೀರ:
ಅಪ್ಪನಿಗೆ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ. ಹಳೆಯದು ವಿಂಡೋಸ್ 7ರ ಡೆಸ್ಕ್‌ಟಾಪ್, ಈಗ ಆನ್ ಆಗುವುದೇ ಕಷ್ಟ. ಅಪ್ಪ ನಿವೃತ್ತ ಮೇಷ್ಟ್ರು. ಊರ ದೇವಸ್ಥಾನದ ಚರಿತ್ರೆ, ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳು, ಸಂಘದ ನಡಾವಳಿ ಎಲ್ಲವನ್ನೂ ನುಡಿ 4 ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಮಾಡಿಟ್ಟಿದ್ದಾರೆ. ಪೆನ್‌ಡ್ರೈವ್‌ಗೆ ಹಾಕಿ ಹೊಸದರಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ, ನಡುನಡುವೆ ಪೌಂಡ್ ಗುರುತು. ಫೈಲ್ ಹಾಳಾಗಿದೆಯಾ? ಇನ್ನೊಂದು, ಕನ್ನಡಕ್ಕೆ ಬದಲಾಯಿಸಲು ಅವರಿಗೆ ಸ್ಕ್ರೋಲ್ ಲಾಕ್ ಒತ್ತಿ ರೂಢಿ. ಇದರಲ್ಲಿ ಆ ಕೀಲಿಯೇ ಇಲ್ಲ.

ಡಿಟಿಪಿ ಅಣ್ಣ:
ಏನೂ ಹಾಳಾಗಿಲ್ಲ, ಗಾಬರಿ ಬೇಡ. ಹಳೇ ನುಡಿಯ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಅದನ್ನು ಕನ್ನಡದ ಆಕಾರದಲ್ಲಿ ತೋರಿಸುವುದು ನುಡಿ ಫಾಂಟ್. ನೀವು ಫೈಲ್ ತಂದಿದ್ದೀರಿ, ಫಾಂಟ್ ತಂದಿಲ್ಲ, ಅಷ್ಟೇ. ಹಳೇ ಕಂಪ್ಯೂಟರ್‌ನ ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ಅಲ್ಲಿ ನುಡಿ ಅಂತ ಶುರುವಾಗುವುದೆಲ್ಲ ಕಾಪಿ ಮಾಡಿ ತನ್ನಿ. ಹೊಸದರಲ್ಲಿ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ವರ್ಡ್ ಮುಚ್ಚಿ ತೆರೆದರೆ ಎಲ್ಲಾ ಕಾಣುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ ದಯವಿಟ್ಟು. ಹಾಗೇ ಬಿಟ್ಟರೆ ವಾಟ್ಸಾಪ್‌ನಲ್ಲಿ ಕನ್ನಡ ಪಠ್ಯವಾಗಿ ಕಳಿಸಲು ಆಗದು, ಕನ್ನಡದಲ್ಲಿ ಹುಡುಕಿದರೆ ಸಿಗದು, ಮೊಬೈಲ್‌ನಲ್ಲಿ ಓದಲು ಬಾರದು. ಯುನಿಕೋಡ್‌ಗೆ, ಅಂದರೆ ಮೊಬೈಲ್, ಕಂಪ್ಯೂಟರ್ ಎಲ್ಲವೂ ಓದಬಲ್ಲ ಅಕ್ಷರ ಸಂಕೇತಕ್ಕೆ ಪರಿವರ್ತಿಸಿ. ಆಸ್ಕಿಯಿಂದ (ಹಳೇ ನುಡಿಯ ಸಂಕೇತವನ್ನು ಹೀಗೆ ಕರೆಯುತ್ತಾರೆ) ಯುನಿಕೋಡ್‌ಗೆ ಬದಲಾಯಿಸುವ ಉಚಿತ ಸಾಧನಗಳು ಬೇಕಾದಷ್ಟು ಇವೆ. ಮೂಲ ಫೈಲ್ ಮಾತ್ರ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ತುಂಗಾತೀರ:
ಫಾಂಟ್ ಹಾಕಿದೆ, ಬಂತು! ಒಂದು ಫೈಲ್ ಪರಿವರ್ತಿಸಿಯೂ ನೋಡಿದೆ. ಕನ್ನಡ ಸರಿ ಇದೆ, ಮಧ್ಯೆ ಇದ್ದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಆಗಿವೆ.

ಡಿಟಿಪಿ ಅಣ್ಣ:
ಪಠ್ಯವನ್ನು ಮಾತ್ರ ಕಾಪಿ ಮಾಡಿ ಹಾಕಿದಾಗ ಹಾಗಾಗುತ್ತದೆ. ಯಾವುದು ನುಡಿ ಫಾಂಟ್, ಯಾವುದು ಇಂಗ್ಲಿಷ್ ಫಾಂಟ್ ಅಂತ ಸಾಧನಕ್ಕೆ ಗೊತ್ತಾಗಲ್ಲ, ಎಲ್ಲವನ್ನೂ ಕನ್ನಡ ಅಂತಲೇ ತಿಳಿಯುತ್ತದೆ. ಇಂಗ್ಲಿಷ್ ಜಾಸ್ತಿ ಇರುವ ಪುಟಗಳನ್ನು ತುಂಡು ತುಂಡಾಗಿ ಮಾಡಿ. ಅರ್ಕಾವತ್ತು ಬರುವ ಪದಗಳನ್ನೂ ಒಮ್ಮೆ ನೋಡಿ, ಸೂರ್ಯ, ಧರ್ಮ, ಕಾರ್ತಿಕ ಇಂಥವು. ಹಳೇ ನುಡಿಯಲ್ಲಿ ಆ ಗುರುತು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ತಪ್ಪಾಗುವುದು ಅಲ್ಲೇ. ಹಾಡುಗಳನ್ನಂತೂ ಅಪ್ಪನ ಜೊತೆ ಕೂತು ಓದಿಸಿಕೊಳ್ಳಿ, ಆಡುಮಾತಿನ ಪದ ಸರಿ ಇದೆಯೋ ಇಲ್ಲವೋ ಅವರಿಗೇ ಗೊತ್ತು.

ಕೀಲಿಮಣೆ ಪ್ರೇಮಿ:
ಟೈಪಿಂಗ್ ಬಗ್ಗೆ ನಾನು ಹೇಳುತ್ತೇನೆ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯ್ತು, ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಆದರೆ ಅದರಲ್ಲಿರುವ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಬೇರೆ, ಅಪ್ಪನ ಬೆರಳಿಗೆ ಕೂತಿರುವ ನುಡಿಯ ಕೆ.ಪಿ. ರಾವ್ ವಿನ್ಯಾಸವೇ ಬೇರೆ. ಒತ್ತಕ್ಷರಕ್ಕೆ ಅವರು ಎಫ್ ಒತ್ತುತ್ತಾರೆ, ಇನ್‌ಸ್ಕ್ರಿಪ್ಟ್‌ನಲ್ಲಿ ಅದು ಡಿ. ಈ ವಯಸ್ಸಿನಲ್ಲಿ ಸುಮ್ನೆ ಯಾಕೆ ಹೊಸದಾಗಿ ಕಲಿಸಬೇಕು? ಯುನಿಕೋಡ್ ಇರುವ ಹೊಸ ನುಡಿ ಹಾಕಿಕೊಡಿ, ಅದೇ ವಿನ್ಯಾಸದಲ್ಲಿ ಬರೆಯಬಹುದು. ಇನ್ನು ಮುಂದೆ ಬರೆಯುವುದಕ್ಕೆ ಪರಿವರ್ತನೆಯ ಗೋಳೂ ಇರಲ್ಲ.

ಮೈಸೂರ್ ಮಂಜಣ್ಣ:
ಹಳೇ ಡೆಸ್ಕ್‌ಟಾಪ್ ಗುಜರಿಗೆ ಹಾಕುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಸಾಟಾ ಡಿಸ್ಕ್‌ನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ಕಂಪ್ಯೂಟರ್ ಆನ್ ಆಗದಿದ್ದರೂ ಡಿಸ್ಕ್ ಚೆನ್ನಾಗಿದ್ದರೆ ಫೈಲ್ ತೆಗೆಯಬಹುದು. ಮೇಷ್ಟ್ರ ಫೈಲು ಡಾಕ್ಯುಮೆಂಟ್ಸ್‌ನಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ, ಡೆಸ್ಕ್‌ಟಾಪ್, ಡಿ ಡ್ರೈವ್ ಎಲ್ಲಾ ಕಡೆ ನೋಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿರಬಹುದು. ಅದರ ರಿಕವರಿ ಕೀ ಅಪ್ಪನ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ನೋಡಿ, 48 ಅಂಕಿ ಇರುತ್ತದೆ, ಕಾಗದದಲ್ಲಿ ಬರೆದು ಅವರ ಬ್ಯಾಂಕ್ ಪಾಸ್‌ಬುಕ್ ಜೊತೆ ಇಡಿ.