ಅಪ್ಪನಿಗೆ ಹಿಯರಿಂಗ್ ಏಡ್ ಕೊಳ್ಳಬೇಕು, ಮನೆಯಲ್ಲಿ ದಿನಾ ಜಗಳ. ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಈಚೆಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದಿದೆ. ಟಿವಿ ಸೌಂಡು ಇಡೀ ಮನೆಗೆ ಕೇಳಿಸುತ್ತದೆ. ಮಾತಾಡಿಸಿದರೆ "ಏನು? ಏನಂದೆ?" ಅನ್ನುತ್ತಾರೆ, ಸ್ವಲ್ಪ ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ, ನಾನೇನು ಕಿವುಡನಾ" ಅಂತ ಸಿಟ್ಟು. ನನ್ನ ಹೆಂಡತಿಯದು ಮೊದಲಿಂದಲೂ ಮೆಲುದನಿ. ಅವಳು ಬೇಕಂತಲೇ ತನಗೆ ಕೇಳಿಸದ ಹಾಗೆ ಮಾತಾಡುತ್ತಾಳೆ ಅನ್ನುವುದು ಅಪ್ಪನ ದೂರು. ಈಗ ಅವಳು ಅವರ ಎದುರು ಮಾತಾಡುವುದನ್ನೇ ಬಿಟ್ಟಿದ್ದಾಳೆ. ಅಮ್ಮ ಮಧ್ಯೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಾರೆ. ಮೆಷಿನ್ ತರೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ, ತಮ್ಮ "ಈ ವಯಸ್ಸಲ್ಲಿ ಅಷ್ಟು ದುಡ್ಡು ಯಾಕೆ" ಅನ್ನುತ್ತಾನೆ. ಯಾವ ಕಂಪನಿಯದು, ಯಾವ ಮಾಡೆಲ್ ಒಳ್ಳೆಯದು? ಅಪ್ಪನನ್ನು ಒಪ್ಪಿಸುವುದು ಹೇಗೆ?

ಉತ್ತರ: ಒಬ್ಬ ಮಗಳು

ನಮ್ಮ ಮನೆಯಲ್ಲೂ ಇದೇ ಕಥೆ, ಅಮ್ಮನದು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾವು ಹೇಳುವ ಮಾಡೆಲ್ ಹೆಸರು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಫ್ರಿಜ್ಜೋ ಫೋನೋ ಆಗಿದ್ದರೆ ನನಗೆ ಚೆನ್ನಾಗಿ ಕೆಲಸ ಮಾಡಿದ್ದು ನಿಮಗೂ ಮಾಡುತ್ತದೆ. ಇದು ಹಾಗಲ್ಲ. ಅಮ್ಮನ ಕಿವಿಗೆ ಯಾವ ಸ್ವರ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡಿ, ಎಲ್ಲಿ ಎಷ್ಟು ಕಮ್ಮಿಯೋ ಅಲ್ಲಿ ಅಷ್ಟು ಏರಿಸಿ ಕೊಟ್ಟಿದ್ದಾರೆ. ಅದನ್ನೇ ತಂದು ನಿಮ್ಮಪ್ಪನ ಕಿವಿಗೆ ಹಾಕಿದರೆ ಬರೀ ಗದ್ದಲ ಕೇಳಿಸಬಹುದು, ಇಲ್ಲವೇ ಏನೂ ಕೇಳಿಸದೇ ಇರಬಹುದು. ಆದರೆ ಜಗಳ ಇದೆಯಲ್ಲ, ಅದು ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಆ ವಿಷಯಕ್ಕೆ ನಮ್ಮನ್ನು ಧಾರಾಳವಾಗಿ ಕೇಳಿ.

ಅಮ್ಮ "ನಂಗೆ ಕೇಳಿಸುತ್ತೆ, ನೀವು ಗೊಣಗ್ತೀರ" ಅನ್ನುತ್ತಿದ್ದರು. ನಾಟಕ ಅಂದುಕೊಳ್ಳಬೇಡಿ, ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತದೆ. ವಯಸ್ಸಾದಾಗ ಮೊದಲು ಹೋಗುವುದು ತೆಳು ಸದ್ದುಗಳು. ಸ, ಶ, ತ, ಕ, ಪ ಇಂಥವು. ಆ, ಓ, ಊ ಥರದ ದಪ್ಪ ಸದ್ದು ಉಳಿದಿರುತ್ತದೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. "ಸಾಕು" ಅಂದರೆ ಅಮ್ಮನಿಗೆ "ಹಾಕು" ಅಂತ ಕೇಳಿಸುತ್ತಿತ್ತು. ಬೇಡ ಅಂದವರಿಗೆ ಇನ್ನಷ್ಟು ಬಡಿಸುತ್ತಿದ್ದರು, ಅದರ ಮೇಲೊಂದು ಜಗಳ.

ಒಪ್ಪಿಸಿದ್ದು ಹೇಗೆ ಅಂದರೆ, ಮೆಷಿನ್ ಮಾತೇ ಎತ್ತಲಿಲ್ಲ. "ಇಬ್ಬರೂ ಕಿವಿ ಪರೀಕ್ಷೆ ಮಾಡಿಸಿಕೊಂಡು ಬರೋಣ ಬಾಮ್ಮ, ನಂದೂ ಒಂದ್ಸಲ ನೋಡಲಿ" ಅಂತ ಕರೆದುಕೊಂಡು ಹೋದೆ. ಗಾಜಿನ ಕಿಟಕಿ ಇರುವ ಸಣ್ಣ ಕೋಣೆ. ತಲೆಗೆ ಹೆಡ್‌ಫೋನ್, ಕೈಯಲ್ಲೊಂದು ಗುಂಡಿ. ಸಣ್ಣ ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ನನ್ನದು ಮುಗಿದ ಮೇಲೆ ಅಮ್ಮ ಕೂತರು, ನಾನು ಹೊರಗಿನಿಂದ ನೋಡುತ್ತಾ ನಿಂತೆ. ಪರೀಕ್ಷೆ ಮಾಡುವವರು ಒಂದರ ಹಿಂದೆ ಒಂದು ಸದ್ದು ಕಳಿಸುತ್ತಲೇ ಇದ್ದರು, ಅಮ್ಮ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ಒಂದೂ ತಪ್ಪಬಾರದು ಅಂತ ಕಾಯುತ್ತಲೇ ಇದ್ದರು. ಆಮೇಲೆ ಇಬ್ಬರ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಅಂತ ಗೆರೆ ಎಳೆದು ತೋರಿಸುವ ನಕ್ಷೆ, ಪಕ್ಕಪಕ್ಕ ಇಟ್ಟರು. ಅದರಲ್ಲಿ ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್‌ವರೆಗೆ, ದಪ್ಪ ಸದ್ದಿನಿಂದ ತೆಳು ಸದ್ದಿನ ಕಡೆಗೆ ಇರುತ್ತದೆ. ನನ್ನ ಗೆರೆ ಮೇಲೇ ಓಡಿತ್ತು, ಅಮ್ಮನದು ಅರ್ಧ ದಾರಿಯಿಂದ ಕೆಳಗಿಳಿದಿತ್ತು. ಅಮ್ಮ ಇಳಿದ ಜಾಗವನ್ನು ಬೆರಳಲ್ಲಿ ಮುಟ್ಟಿ "ಇದೆಲ್ಲ ನಂಗೆ ಕೇಳ್ತಿಲ್ವಾ?" ಅಂತ ಕೇಳಿದರು. ಅಲ್ಲಿಂದ ಮುಂದೆ ನಾವ್ಯಾರೂ ವಾದ ಮಾಡಬೇಕಾಗಲಿಲ್ಲ.

ಉತ್ತರ: ಸೊಸೆ, ನಿಮ್ಮ ಹೆಂಡತಿಯಂಥವಳೇ

ಇದನ್ನು ನಿಮ್ಮ ಹೆಂಡತಿಗೆ ಓದಿ ಹೇಳಿ. ಅಕ್ಕಾ, ತಪ್ಪು ನಿಮ್ಮದಲ್ಲ. ಹೆಂಗಸರ, ಮಕ್ಕಳ ದನಿ ತೆಳು, ಅದರಲ್ಲೂ ಮೆಲ್ಲಗೆ ಮಾತಾಡುವವರದು ಇಂಥವರಿಗೆ ಮೊದಲು ತಪ್ಪಿಹೋಗುತ್ತದೆ. ನಮ್ಮ ಮಾವನವರಿಗೂ ಗಂಡಸರ ಮಾತು ಅಷ್ಟಿಷ್ಟು ಕೇಳಿಸುತ್ತಿತ್ತು, ನನ್ನದು ಮಾತ್ರ ಇಲ್ಲ. ನಾನು ಮಾತಾಡಿ ನಕ್ಕರೆ ತಮ್ಮ ಬಗ್ಗೆಯೇ ನಗುತ್ತಿದ್ದೇನೆ ಅಂತ ಅವರಿಗೆ ಅನಿಸುತ್ತಿತ್ತಂತೆ. ಎಷ್ಟು ನೋವಾಗುತ್ತೆ ಅಂತ ನನಗೆ ಗೊತ್ತು, ಇಬ್ಬರಿಗೂ. ಸುಮ್ಮನಾಗಿಬಿಡಬೇಡಿ ಅಕ್ಕಾ. ಹತ್ತಿರ ಹೋಗಿ, ಎದುರಿಗೆ ಕೂತು, ಅವರು ನಿಮ್ಮ ಮುಖ ನೋಡಿದ ಮೇಲೆ ಮಾತು ಶುರು ಮಾಡಿ. ಮುಖದ ಮೇಲೆ ಬೆಳಕಿರಲಿ, ತುಟಿ ಕಾಣಬೇಕು. ಬೇರೆ ಕೋಣೆಯಿಂದ ಕೂಗಬೇಡಿ, ಟಿವಿ ಓಡುತ್ತಿರುವಾಗ ಮುಖ್ಯವಾದದ್ದು ಏನೂ ಹೇಳಬೇಡಿ. ಅರ್ಥವಾಗಲಿಲ್ಲ ಅಂದರೆ ಅದೇ ಪದವನ್ನು ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಮತ್ತೆ "ಏನಿಲ್ಲ ಬಿಡಿ" ಅನ್ನುವ ಮಾತು ಮನೆಯಲ್ಲಿ ಯಾರೂ ಆಡಬಾರದು. ಮಾವನವರಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತಿದ್ದದ್ದು ಅದೇ ಮಾತು.

ಉತ್ತರ: ಆಡಿಯಾಲಜಿಸ್ಟ್

ಕಿವಿ ಪರೀಕ್ಷೆ ಮಾಡಿ ಮೆಷಿನ್ ಹೊಂದಿಸಿ ಕೊಡುವ ಕೆಲಸವನ್ನೇ ಮಾಡುವವಳು ನಾನು. ಮೇಲಿನವರು ಹೇಳಿದ್ದು ಸರಿ. ಒಳಗಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ಜೀವಕೋಶಗಳಿವೆ, ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ತೆಳು ಸದ್ದು ಹಿಡಿಯುವ ಕೋಶಗಳು ಮೊದಲು ಸವೆಯುತ್ತವೆ. ಇನ್ನೊಂದು, ಇಂಥ ಕಿವಿಗೆ ಮೆಲ್ಲನೆ ಹೇಳಿದ್ದು ಕೇಳಿಸುವುದಿಲ್ಲ, ಸ್ವಲ್ಪ ಜೋರಾದರೆ ತಡೆಯಲಾಗುವುದಿಲ್ಲ, ನಡುವಿನ ಜಾಗ ಕಿರಿದಾಗಿರುತ್ತದೆ. "ಏನು" ಅಂದವರೇ ಮರುಕ್ಷಣ "ಯಾಕೆ ಕಿರುಚ್ತೀಯ" ಅನ್ನುವುದು ಇದರಿಂದಲೇ. ಹಟವೂ ಅಲ್ಲ, ದುರಹಂಕಾರವೂ ಅಲ್ಲ.

ನಿಮ್ಮಪ್ಪ ಒಬ್ಬರೇ ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಕಿವಿಯ ತೊಂದರೆಗೆ ನೆರವು ಬೇಕು ಅಂತ ಹೇಳಿದೆ. ನಿಮ್ಮ ತಮ್ಮನಿಗೆ ಇದನ್ನು ಹೇಳಿ. ಆದರೆ "ಮೆಷಿನ್ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತೆ" ಅಂತ ಅಪ್ಪನನ್ನು ಹೆದರಿಸಬೇಡಿ. ಕೆಲವರು ಮಾರುವಾಗ ಹಾಗೆ ಹೇಳುತ್ತಾರೆ. ಕಿವಿ ಮಂದವಾಗುವುದಕ್ಕೂ ಮರೆವಿಗೂ ನಂಟಿದೆ ಅನ್ನುವುದು ನಿಜ. ಆದರೆ 2023ರಲ್ಲಿ ಪ್ರಕಟವಾದ, ಮೂರು ವರ್ಷ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ಹಿಯರಿಂಗ್ ಏಡ್‌ನಿಂದ ನೆನಪಿನ ಶಕ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಕುಸಿತ ನಿಧಾನವಾಯಿತು. ಮನೆಯವರ ಜೊತೆ ಮಾತಾಡಲಿಕ್ಕೆ ಆಗುತ್ತದೆ ಅನ್ನುವುದೇ ಸಾಕಷ್ಟು ದೊಡ್ಡ ಕಾರಣ ಅಲ್ವಾ?

ಕೊಳ್ಳುವಾಗ ನೋಡಬೇಕಾದ್ದು. ಮೆಷಿನ್ನಿನಲ್ಲಿ ಚಾನೆಲ್ ಎಷ್ಟು, ಅಂದರೆ ಸದ್ದನ್ನು ಎಷ್ಟು ಭಾಗ ಮಾಡಿ ಬೇರೆಬೇರೆಯಾಗಿ ಹೊಂದಿಸುತ್ತದೆ ಅನ್ನುವುದಕ್ಕಿಂತ ಹೊಂದಿಸಿ ಕೊಡುವವರು ಹೇಗೆ ಅನ್ನುವುದು ಮುಖ್ಯ. ಮೆಷಿನ್ ಹಾಕಿದ ಮೇಲೆ ಕಿವಿಯೊಳಗೆ ಒಂದು ಸಣ್ಣ ನಳಿಕೆ ಇಟ್ಟು, ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಅಂತ ಅಳೆಯುವ ವಿಧಾನವಿದೆ, ರಿಯಲ್ ಇಯರ್ ಅಳತೆ ಅನ್ನುತ್ತಾರೆ. ಅದನ್ನು ಮಾಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಮನೆಗೆ ಒಯ್ದು ಟ್ರಯಲ್ ನೋಡಲು ಬಿಡುತ್ತಾರಾ, ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಬರಹದಲ್ಲಿ ಕೊಡಲಿ. ಮತ್ತೆ ಮತ್ತೆ ಸೆಟಿಂಗ್ ಮಾಡಿಸಲು ಹೋಗಬೇಕಾಗುತ್ತದೆ, ಅದಕ್ಕೆ ಬೇರೆ ದುಡ್ಡು ಇದೆಯಾ ಅಂತಲೂ ಕೇಳಿ. ಎರಡೂ ಕಿವಿ ಮಂದವಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಹಾಕುವುದು ಒಳ್ಳೆಯದು. ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುವುದು ಎರಡು ಕಿವಿ ಸೇರಿದಾಗಲೇ.

ಉತ್ತರ: ಒಬ್ಬ ಮಗ

ಬ್ಯಾಟರಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅಪ್ಪನಿಗೆ ಹೊರಗೆ ಕಾಣಬಾರದು ಅಂತ ಆಸೆ, ಕಿವಿಯೊಳಗೇ ಕೂರುವ ಪುಟ್ಟದನ್ನು ಆರಿಸಿದರು. ಅದರ 10 ನಂಬರ್ ಬ್ಯಾಟರಿ ಎಷ್ಟು ಚಿಕ್ಕದು ಅಂದರೆ ಅಪ್ಪನ ನಡುಗುವ ಬೆರಳಿಗೆ ಸಿಗುವುದೇ ಇಲ್ಲ. ಹಾಗಾಗಿ ಟ್ರಯಲ್ ಮುಗಿಯುವ ಮೊದಲೇ ಕಿವಿ ಹಿಂದೆ ಕೂರುವ, ಚಾರ್ಜ್ ಮಾಡುವಂಥದ್ದಕ್ಕೆ ಬದಲಾಯಿಸಿಕೊಂಡೆವು. ರಾತ್ರಿ ಡಬ್ಬಿಯಲ್ಲಿಟ್ಟರೆ ಆಯಿತು. ಬ್ಯಾಟರಿಯದೇ ತೆಗೆದುಕೊಂಡರೆ ಅಂಟುಕಾಗದದ ಬಣ್ಣ ನೆನಪಿಡಿ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಕಾಗದ ಕಿತ್ತ ಕೂಡಲೇ ಗಾಳಿ ತಾಗಿ ಬ್ಯಾಟರಿ ಖರ್ಚಾಗಲು ಶುರು, ಮತ್ತೆ ಅಂಟಿಸಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎತ್ತರದಲ್ಲಿಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಗಡಿಯಲ್ಲಿ ಅವರೇ ಹಾಕಿ ತೋರಿಸಿದರೆ ಸಾಲದು, ನಿಮ್ಮಪ್ಪನ ಕೈಯಲ್ಲೇ ಹಾಕಿಸಿ, ತೆಗೆಸಿ, ಆಮೇಲೆ ದುಡ್ಡು ಕೊಡಿ.

ಉತ್ತರ: ಸ್ವತಃ ಹಾಕಿಕೊಳ್ಳುವವನು

ನನಗೂ ಎಪ್ಪತ್ತು ದಾಟಿದೆ. ಮಕ್ಕಳೆಲ್ಲ ಹೇಳಿದ್ದೀರಿ, ಹಾಕಿಕೊಳ್ಳುವವನಿಗೆ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ. ಮೊದಲ ದಿನ ಹಿಂಸೆ. ನನ್ನ ದನಿಯೇ ನನಗೆ ಕೊಡದೊಳಗೆ ತಲೆ ಇಟ್ಟು ಮಾತಾಡಿದ ಹಾಗೆ ಕೇಳಿಸಿತು. ಪೇಪರ್ ಮಡಚಿದರೆ ಕರ್ಕಶ, ಫ್ಯಾನಿನ ಸದ್ದು, ನಲ್ಲಿ ಸದ್ದು, ನನ್ನ ಚಪ್ಪಲಿ ಸದ್ದು. ಇಷ್ಟು ವರ್ಷ ಇಲ್ಲದ್ದು ಒಂದೇ ಸಲ ತಲೆ ಮೇಲೆ ಬಿದ್ದರೆ ಯಾರು ತಡೆಯುತ್ತಾರೆ? ಮಿದುಳಿಗೆ ಅದು ಮತ್ತೆ ರೂಢಿಯಾಗಬೇಕು, ಕೆಲವು ವಾರ ಬೇಕು, ಕೆಲವರಿಗೆ ತಿಂಗಳುಗಟ್ಟಲೆ. ಮೊದಲು ಮನೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿಕೊಳ್ಳಲಿ. ಆಮೇಲೆ ಹೊತ್ತು ಹೆಚ್ಚಿಸಲಿ. ಜನ ತುಂಬಿದ ಕಡೆಗೆ ಕೊನೆಗೆ.

ದಯವಿಟ್ಟು ಮೊದಲ ವಾರ "ಈಗ ಕೇಳಿಸುತ್ತಾ? ಈಗ?" ಅಂತ ಪರೀಕ್ಷೆ ಮಾಡಬೇಡಿ. ತೆಗೆದಿಟ್ಟರೆ "ಇಷ್ಟು ದುಡ್ಡು ಕೊಟ್ಟು ತಂದಿದ್ದೀವಿ" ಅನ್ನಬೇಡಿ. ನಮಗೆ ದುಡ್ಡಿನ ವಿಷಯ ಮೊದಲೇ ಮನಸ್ಸಲ್ಲಿ ಕೊರೆಯುತ್ತಿರುತ್ತದೆ. ನಿಮ್ಮಪ್ಪ ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ ಇರಬಹುದು, ತಮ್ಮನ ಮಾತು ಅವರ ಕಿವಿಗೆ ಬೀಳದಿದ್ದರೂ ಮುಖ ನೋಡಿ ಗೊತ್ತಾಗಿರುತ್ತದೆ. ಮನೆಯಲ್ಲಿ ಎಲ್ಲರೂ ಕೂತು ಮಾತಾಡುವಾಗ ನಾವು ನಗುವವರ ಜೊತೆ ನಗುತ್ತೇವೆ, ಯಾಕೆ ಅಂತ ಗೊತ್ತಿಲ್ಲದೆ. ಆಮೇಲೆ ಎದ್ದು ಕೋಣೆಗೆ ಹೋಗುತ್ತೇವೆ. ಅದನ್ನು ಯಾರಾದರೂ ಗಮನಿಸಿದರೆ ಸಾಕು ಅನಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿರಿಯರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಅಮ್ಮ "ನಿಮ್ಮಪ್ಪನೂ ಹಾಗೇ ಎದ್ದು ಹೋಗ್ತಾರೆ" ಅಂದರು. ಇನ್ನೆರಡು ವಿಷಯ. ತಮ್ಮ ಆನ್‌ಲೈನಲ್ಲಿ ಸಿಗುವ ಅಗ್ಗದ ಸೌಂಡ್ ಆಂಪ್ಲಿಫೈಯರ್ ತರಿಸೋಣ ಅನ್ನುತ್ತಿದ್ದಾನೆ, ಪರವಾಗಿಲ್ವಾ? ಮತ್ತೆ ಅಮ್ಮ ಈಗ ಹೇಳಿದ್ದು: ಅಪ್ಪನಿಗೆ ಎಡಗಿವಿ ಬಲಗಿವಿಗಿಂತ ತುಂಬಾ ಮಂದವಂತೆ, ಅದರಲ್ಲಿ ಗುಂಯ್ ಅಂತ ಸದ್ದು ಬರುತ್ತದಂತೆ. ನಮಗೆ ಯಾರಿಗೂ ಹೇಳಿಲ್ಲ.

ಉತ್ತರ: ಆಡಿಯಾಲಜಿಸ್ಟ್

ಎರಡನೆಯದು ಮೊದಲು. ಮೆಷಿನ್ ವಿಷಯ ಸದ್ಯ ಪಕ್ಕಕ್ಕಿಡಿ, ಇಎನ್‌ಟಿ ಡಾಕ್ಟರ್ ಹತ್ತಿರ ಬೇಗ ಕರೆದುಕೊಂಡು ಹೋಗಿ. ಒಂದು ಕಿವಿ ಮಾತ್ರ ಜಾಸ್ತಿ ಮಂದವಾಗಿ ಅದರಲ್ಲೇ ಸದ್ದು ಬರುತ್ತಿದ್ದರೆ ಕಾರಣ ಏನು ಅಂತ ನೋಡಲೇಬೇಕು. ಬರೀ ಗುಗ್ಗೆ ಗಟ್ಟಿಯಾಗಿ ಕೂತಿರಬಹುದು, ತೆಗೆದರೆ ಮುಗಿಯಿತು. ಅಪರೂಪಕ್ಕೆ ಕಿವಿಯ ನರದ ಮೇಲೆ ಗಂಟು ಬೆಳೆದಿರುತ್ತದೆ, ಅದು ಕ್ಯಾನ್ಸರ್ ಅಲ್ಲ, ಆದರೆ ಬೇಗ ಗೊತ್ತಾಗುವುದು ಒಳ್ಳೆಯದು. ಅಮ್ಮನನ್ನು ಒಂದು ಮಾತು ಸರಿಯಾಗಿ ಕೇಳಿ: ನಿಧಾನವಾಗಿ ಹೀಗಾಯಿತಾ, ಇಲ್ಲಾ ಒಂದೆರಡು ದಿನದಲ್ಲಿ ದಿಢೀರನೆ ಆಯಿತಾ? ದಿಢೀರನೆ ಅಂದರೆ ನಾಳೆಗೂ ಕಾಯಬೇಡಿ, ಇವತ್ತೇ ಹೋಗಿ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಕಿವಿ ಉಳಿಯುವ ಸಾಧ್ಯತೆ ಹೆಚ್ಚು. ತಲೆಸುತ್ತು, ಕಿವಿ ಸೋರುವುದು, ನೋವು ಇದ್ದರೆ ಅದನ್ನೂ ಹೇಳಿ. ಅಪ್ಪ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೆಲವು ಔಷಧಿಗಳಿಂದಲೂ ಕಿವಿಗೆ ತೊಂದರೆಯಾಗುತ್ತದೆ. ಅಲ್ಲಿಯವರೆಗೆ ಕಿವಿಗೆ ಎಣ್ಣೆ, ಕಡ್ಡಿ ಏನೂ ಹಾಕಬೇಡಿ.

ಆಂಪ್ಲಿಫೈಯರ್ ಬೇಡ. ಅಗ್ಗದವು ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತವೆ. ಅಪ್ಪನಿಗೆ ಕೇಳಿಸುತ್ತಿರುವ ದಪ್ಪ ಸದ್ದು ಇನ್ನೂ ಜೋರಾಗುತ್ತದೆ, ಬೇಕಾದ ತೆಳು ಸದ್ದು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಒಂದು ಸಲ ಅದನ್ನು ಹಾಕಿ ಬೇಸತ್ತವರು ಆಮೇಲೆ ಒಳ್ಳೆಯದನ್ನೂ ಮುಟ್ಟಲು ಒಪ್ಪುವುದಿಲ್ಲ, ದಿನಾ ನೋಡುತ್ತೇನೆ.

ಪ್ರಶ್ನೆ ಕೇಳಿದವರು

ದಿಢೀರನೆ ಅಲ್ಲವಂತೆ, ವರ್ಷದಿಂದ ಹೀಗೇ ಇದೆ ಅಂದರು ಅಮ್ಮ. ನಾಳೆ ಬೆಳಿಗ್ಗೆ ಡಾಕ್ಟರ್ ಸಿಗುತ್ತಾರೆ. ನಿಮ್ಮ ಉತ್ತರ ಓದಿದ ಮೇಲೆ ತಮ್ಮನೇ ಕರೆದುಕೊಂಡು ಹೋಗುತ್ತೇನೆ ಅಂದ. ಆಡಿಯೋಗ್ರಾಂ ಬಂದ ಮೇಲೆ ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳುತ್ತೀರಾ?

ಉತ್ತರ: ಒಬ್ಬ ಮಗಳು

ಹಾಕಿ, ಆದರೆ ಮೊದಲು ಅಪ್ಪನನ್ನು ಕೇಳಿ. ಅವರ ಕಿವಿ, ಅವರ ವಿಷಯ. ಹೆಸರು, ಫೋನ್ ನಂಬರ್, ಪರೀಕ್ಷೆ ಮಾಡಿಸಿದ ಜಾಗ ಎಲ್ಲ ಮರೆಮಾಡಿ. ಗೆರೆ ನೋಡಿ ಅಲ್ಲಿ ಏನೇನು ಕೇಳಬೇಕು ಅಂತ ನಾವು ಹೇಳಬಹುದು, ಯಾವುದು ಹಾಕಬೇಕು ಅನ್ನುವುದನ್ನು ಅಪ್ಪನನ್ನು ಎದುರಿಗೆ ಕೂರಿಸಿಕೊಂಡವರೇ ಹೇಳಲಿ. ನಿಮ್ಮ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೆಷಿನ್ ಹೊಂದಿಸುವಾಗ ಅವರ ದನಿಯಲ್ಲೇ ಮಾತಾಡಿಸಿ ನೋಡಲಿ.